ಬೆಳೆದ ಬೆಕ್ಕಿಗೆ ವರ್ಷವರ್ಷವೂ ಲಸಿಕೆ ಬೇಕೇ?

(ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ)

ಕರಾವಳಿಯ ಮನೆಗಳಲ್ಲಿ ಬೆಕ್ಕಿಗೆ ಹಿಂದಿನಿಂದಲೂ ಒಂದು ಸ್ಥಾನವಿದೆ. ಅಟ್ಟದ ಮೇಲಿನ ಅಕ್ಕಿಮುಡಿಯನ್ನು ಇಲಿಗಳಿಂದ ಕಾಯುವ ಕೆಲಸ ಅದರದಾಗಿತ್ತು. ಮುಡಿ ಕಟ್ಟುವ ಮನೆಗಳು ಇಂದು ಕಡಿಮೆಯಾಗಿದ್ದರೂ ಬೆಕ್ಕು ಮಾತ್ರ ಉಳಿದುಕೊಂಡಿದೆ. ಗಂಗೊಳ್ಳಿಯ ಬಂದರಿನಲ್ಲಿ, ಕೋಡಿಬೆಂಗ್ರೆಯ ಮೀನುಗಾರರ ಕೇರಿಯಲ್ಲಿ, ಕೊಲ್ಲೂರು ಭಾಗದ ತೋಟದ ಮನೆಗಳ ಜಗಲಿಯಲ್ಲಿ, ಪೇಟೆಯ ವಸತಿ ಸಮುಚ್ಚಯಗಳ ಒಳಗೆ, ಎಲ್ಲೆಡೆಯೂ ಅದು ಮನುಷ್ಯರಿಗೆ ತೀರ ಹತ್ತಿರದಲ್ಲಿಯೇ ಬದುಕುತ್ತಿದೆ.

ಆದರೆ ಲಸಿಕೆಯ ಮಾತು ಬಂದಾಗ ಬೆಕ್ಕಿನ ಸರದಿ ಕೊನೆಯದು. ಹಟ್ಟಿಯ ದನಗಳಿಗೆ ಕಾಲುಬಾಯಿ ಜ್ವರದ ಲಸಿಕೆ ನೀಡಲು ಇಲಾಖೆಯ ಸಿಬ್ಬಂದಿ ಮನೆಬಾಗಿಲಿಗೆ ಬರುತ್ತಾರೆ. ನಾಯಿಗೆ ಲಸಿಕೆ ಹಾಕಿಸಬೇಕೆಂಬ ತಿಳಿವಳಿಕೆಯೂ ಸಾಕಷ್ಟು ಹರಡಿದೆ. ಬೆಕ್ಕಿನ ವಿಷಯದಲ್ಲಿ ತೀರ್ಮಾನ ಮನೆಯವರದೇ ಆಗಿರುವುದರಿಂದ ಎರಡು ಬಗೆಯ ಅಭಿಪ್ರಾಯಗಳು ಕಂಡುಬರುತ್ತವೆ. ‘ಬೆಕ್ಕಿಗೆ ಯಾವ ಲಸಿಕೆಯೂ ಬೇಡ, ಅದು ತನ್ನ ಪಾಡಿಗೆ ಬದುಕುತ್ತದೆ’ ಎಂಬುದು ಒಂದು. ‘ಹಾಕಿಸುವುದಾದರೆ ಎಲ್ಲ ಲಸಿಕೆಗಳನ್ನೂ ಪ್ರತಿ ವರ್ಷ ಹಾಕಿಸಲೇಬೇಕು’ ಎಂಬುದು ಇನ್ನೊಂದು. ಈ ಎರಡೂ ಪೂರ್ಣ ಸರಿಯಲ್ಲ. ಬೆಕ್ಕಿನ ಎಲ್ಲ ಲಸಿಕೆಗಳಿಗೂ ಒಂದೇ ಪಂಚಾಂಗವಿಲ್ಲ. ಚಿಕ್ಕಂದಿನಲ್ಲಿ ಕ್ರಮವಾಗಿ ಲಸಿಕೆ ಪಡೆದ ಬೆಳೆದ ಬೆಕ್ಕಿಗೆ ಕೆಲವು ಲಸಿಕೆಗಳನ್ನು ವರ್ಷವರ್ಷವೂ ಹಾಕಿಸುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ರೇಬೀಸ್ ಲಸಿಕೆಯನ್ನು ಮಾತ್ರ ಯಾವ ಕಾರಣಕ್ಕೂ ತಪ್ಪಿಸುವಂತಿಲ್ಲ. ಹೀಗೆ ವಿಂಗಡಿಸುವುದಕ್ಕೆ ಇರುವ ಕಾರಣಗಳನ್ನು ಇಲ್ಲಿ ವಿವರಿಸಲಾಗಿದೆ.

ಬೆಕ್ಕಿನ ಮುಖ್ಯ ಲಸಿಕೆಗಳು ಎರಡು

ಬೆಕ್ಕುಗಳಿಗೆ ಅತ್ಯಗತ್ಯವೆಂದು ಪರಿಗಣಿಸಲಾದ ಲಸಿಕೆಗಳು ಎರಡು ಗುಂಪಿನವು. ಮೊದಲನೆಯದು ಮೂರು ರೋಗಗಳ ವಿರುದ್ಧ ಒಂದೇ ಚುಚ್ಚುಮದ್ದಿನಲ್ಲಿ ನೀಡುವ ಸಂಯುಕ್ತ ಲಸಿಕೆ. ಎರಡನೆಯದು ರೇಬೀಸ್ ಲಸಿಕೆ. ಮೊದಲನೆಯದು ಬೆಕ್ಕಿನ ಜೀವವನ್ನು ಕಾಯುತ್ತದೆ. ಎರಡನೆಯದು ಬೆಕ್ಕಿನೊಂದಿಗೆ ಮನೆಯವರ ಜೀವವನ್ನೂ ಕಾಯುತ್ತದೆ.

ಸಂಯುಕ್ತ ಲಸಿಕೆಯು ತಡೆಯುವ ರೋಗಗಳಲ್ಲಿ ಅತ್ಯಂತ ಮಾರಕವಾದುದು ಪ್ಯಾನ್‌ಲ್ಯುಕೋಪೀನಿಯಾ, ಅಂದರೆ ಎಫ್‌ಪಿವಿ ವೈರಾಣುವಿನಿಂದ ಬರುವ ರೋಗ. ಈ ವೈರಾಣು ಕರುಳನ್ನೂ ರಕ್ತದ ಬಿಳಿಕಣಗಳನ್ನು ಉತ್ಪಾದಿಸುವ ಅಸ್ಥಿಮಜ್ಜೆಯನ್ನೂ ಹಾಳುಗೆಡವುತ್ತದೆ. ಜ್ವರ, ವಾಂತಿ, ಭೇದಿ, ಆಹಾರ ಬಿಟ್ಟು ಮೂಲೆ ಸೇರುವುದು ಇದರ ಲಕ್ಷಣಗಳು. ಲಸಿಕೆ ಪಡೆಯದ ಮರಿಗಳಲ್ಲಿ ಸಾವಿನ ಪ್ರಮಾಣ ಬಹಳ ಹೆಚ್ಚು. 2025ರ ಆರಂಭದಲ್ಲಿ ನಮ್ಮ ರಾಜ್ಯದ ರಾಯಚೂರು ಜಿಲ್ಲೆಯಲ್ಲಿ ಈ ರೋಗ ಹರಡಿ ಅನೇಕ ಬೆಕ್ಕುಗಳು ಸತ್ತುದು ವರದಿಯಾಗಿತ್ತು. ಈ ರೋಗ ಮನುಷ್ಯರಿಗಾಗಲಿ ದನಕರುಗಳಿಗಾಗಲಿ ಹರಡುವುದಿಲ್ಲ. ಆದರೆ ವೈರಾಣು ಬಹಳ ಗಟ್ಟಿಯಾದುದು. ನೆಲ, ಪಾತ್ರೆ, ಗೋಣಿಚೀಲಗಳಲ್ಲಿ ತಿಂಗಳುಗಟ್ಟಲೆ, ಅನುಕೂಲ ಸನ್ನಿವೇಶದಲ್ಲಿ ಒಂದು ವರ್ಷದವರೆಗೂ ಉಳಿಯಬಲ್ಲದು. ಚಪ್ಪಲಿ ಮತ್ತು ಬಟ್ಟೆಗಳ ಮೂಲಕವೂ ಮನೆಯೊಳಗೆ ಬರಬಲ್ಲದು. ಆದುದರಿಂದ ಬೆಕ್ಕು ಹೊರಗೆ ಹೋಗುವುದಿಲ್ಲ ಎಂಬುದು ಈ ರೋಗದ ಮಟ್ಟಿಗೆ ಪೂರ್ಣ ರಕ್ಷಣೆಯಲ್ಲ.

ಉಳಿದೆರಡು ರೋಗಗಳಿಗೆ ಹರ್ಪಿಸ್ ಮತ್ತು ಕ್ಯಾಲಿಸಿ ವೈರಾಣುಗಳು ಕಾರಣ. ಸೀನು, ಮೂಗು ಕಣ್ಣುಗಳಿಂದ ನೀರು ಸೋರುವುದು, ಬಾಯಿಯಲ್ಲಿ ಹುಣ್ಣು ಇವುಗಳ ಲಕ್ಷಣ. ಲಸಿಕೆಯು ಈ ಎರಡು ಸೋಂಕುಗಳನ್ನು ಸಂಪೂರ್ಣವಾಗಿ ತಡೆಯುವುದಿಲ್ಲ, ರೋಗದ ತೀವ್ರತೆಯನ್ನು ತಗ್ಗಿಸುತ್ತದೆ. ಲಸಿಕೆ ಪಡೆದ ಬೆಕ್ಕಿಗೂ ಕೆಲವೊಮ್ಮೆ ಶೀತ ತಗುಲಿದರೆ ಅದರಿಂದ ಲಸಿಕೆ ವ್ಯರ್ಥವಾಯಿತೆಂದು ಭಾವಿಸಬೇಕಾಗಿಲ್ಲ.

ಚಿಕ್ಕಂದಿನ ಲಸಿಕೆಯೇ ತಳಪಾಯ

ತಾಯಿಬೆಕ್ಕಿನ ಹಾಲಿನಿಂದ ಮರಿಗೆ ದೊರೆಯುವ ರೋಗನಿರೋಧಕ ಶಕ್ತಿ ಮೊದಲ ಕೆಲವು ವಾರ ಅದನ್ನು ಕಾಯುತ್ತದೆ. ಅದೇ ಶಕ್ತಿ ಆ ಅವಧಿಯಲ್ಲಿ ನೀಡಿದ ಲಸಿಕೆಯನ್ನು ನಿಷ್ಫಲಗೊಳಿಸಲೂಬಹುದು. ಅದು ಯಾವಾಗ ಇಳಿಯುತ್ತದೆ ಎಂಬುದು ಮರಿಯಿಂದ ಮರಿಗೆ ಬೇರೆ. ಆದುದರಿಂದ ಸಂಯುಕ್ತ ಲಸಿಕೆಯನ್ನು 6 ರಿಂದ 8 ವಾರಗಳ ಪ್ರಾಯದಲ್ಲಿ ಆರಂಭಿಸಿ, 2 ರಿಂದ 4 ವಾರಗಳಿಗೊಮ್ಮೆ ಪುನರಾವರ್ತಿಸಿ, ಕೊನೆಯ ಡೋಸ್ 16 ವಾರ ಅಥವಾ ಅದಕ್ಕಿಂತ ತುಸು ಮೇಲ್ಪಟ್ಟ ಪ್ರಾಯದಲ್ಲಿ ಬರುವಂತೆ ನೋಡಿಕೊಳ್ಳಲಾಗುತ್ತದೆ. ಅನಂತರ ಆರು ತಿಂಗಳಿನಿಂದ ಒಂದು ವರ್ಷದ ಪ್ರಾಯದೊಳಗೆ ಮತ್ತೊಂದು ಡೋಸ್ ನೀಡಲಾಗುತ್ತದೆ. ಮರಿಯಾಗಿದ್ದಾಗ ಒಂದೇ ಡೋಸ್ ಹಾಕಿಸಿ ಬಿಟ್ಟ ಬೆಕ್ಕನ್ನು ಲಸಿಕೆ ಪೂರ್ಣಗೊಂಡ ಬೆಕ್ಕೆಂದು ಪರಿಗಣಿಸಲಾಗದು. ನಮ್ಮ ತಾಲೂಕುಗಳಲ್ಲಿ ಬೆಕ್ಕು ಸಾಕುವವರು ಮೊದಲು ಪರಿಶೀಲಿಸಿಕೊಳ್ಳಬೇಕಾದ ಅಂಶ ಇದು.

ಅನಂತರ ಎಷ್ಟು ವರ್ಷಕ್ಕೊಮ್ಮೆ?

ದನಗಳಿಗೆ ಆರು ತಿಂಗಳಿಗೊಮ್ಮೆ ಕಾಲುಬಾಯಿ ಜ್ವರದ ಲಸಿಕೆ ಹಾಕಿಸಿ ಅಭ್ಯಾಸವಿರುವವರಿಗೆ ಎಲ್ಲ ಲಸಿಕೆಗಳ ಪ್ರಭಾವವೂ ಬೇಗನೆ ಇಳಿಯುತ್ತದೆ ಎಂದು ತೋರುವುದು ಸಹಜ. ವಾಸ್ತವದಲ್ಲಿ ಪ್ರತಿಯೊಂದು ಲಸಿಕೆಯ ಬಾಳಿಕೆ ಬೇರೆಬೇರೆ. ಮಕ್ಕಳಿಗೆ ನೀಡುವ ದಡಾರದ ಲಸಿಕೆಯ ರಕ್ಷಣೆ ದೀರ್ಘಕಾಲ ಉಳಿಯುತ್ತದೆ. ಬೆಕ್ಕಿನ ಎಫ್‌ಪಿವಿ ಲಸಿಕೆಯೂ ಅಂತಹ ಬಾಳಿಕೆಯುಳ್ಳದ್ದು. ಮರಿಯಾಗಿದ್ದಾಗ ಲಸಿಕೆ ಪಡೆದ ಬೆಕ್ಕುಗಳನ್ನು ಏಳೂವರೆ ವರ್ಷಗಳ ಅನಂತರ ರೋಗಾಣುವಿಗೆ ಒಡ್ಡಿ ಪರೀಕ್ಷಿಸಿದಾಗಲೂ ಅವು ಈ ರೋಗದಿಂದ ರಕ್ಷಣೆ ಪಡೆದಿದ್ದವು. ಅದೇ ಪರೀಕ್ಷೆಯಲ್ಲಿ ಹರ್ಪಿಸ್ ಮತ್ತು ಕ್ಯಾಲಿಸಿ ವೈರಾಣುಗಳ ವಿರುದ್ಧ ಉಳಿದಿದ್ದ ರಕ್ಷಣೆ ಭಾಗಶಃ ಮಾತ್ರವಾಗಿತ್ತು.

ಇಂತಹ ಆಧಾರಗಳ ಮೇಲೆ ಸಾಕುಪ್ರಾಣಿ ವೈದ್ಯರ ಅಂತರರಾಷ್ಟ್ರೀಯ ಸಂಘಟನೆಯ ಲಸಿಕಾ ಮಾರ್ಗಸೂಚಿಯು, ಚಿಕ್ಕಂದಿನ ಕ್ರಮವನ್ನು ಪೂರ್ಣಗೊಳಿಸಿದ ಮತ್ತು ಸೋಂಕಿನ ಸಂಭವ ಕಡಿಮೆಯಿರುವ ಬೆಳೆದ ಬೆಕ್ಕುಗಳಿಗೆ ಸಂಯುಕ್ತ ಲಸಿಕೆಯನ್ನು ಮೂರು ವರ್ಷಕ್ಕಿಂತ ಬೇಗ ಪುನರಾವರ್ತಿಸುವ ಅಗತ್ಯವಿಲ್ಲವೆಂದು ತಿಳಿಸುತ್ತದೆ. ಅನೇಕ ಬೆಕ್ಕುಗಳಿರುವ ಮನೆ, ಆಗಾಗ ಹೊಸ ಬೆಕ್ಕುಗಳು ಬಂದು ಸೇರುವ ಸ್ಥಳ, ಯಜಮಾನರು ಊರಿಗೆ ಹೋದಾಗ ಬೆಕ್ಕನ್ನು ಬಿಟ್ಟುಹೋಗುವ ಪಾಲನಾ ಕೇಂದ್ರ ಇವು ಸೋಂಕಿನ ಸಂಭವ ಹೆಚ್ಚಿರುವ ಸನ್ನಿವೇಶಗಳು. ಅಂತಹ ಬೆಕ್ಕುಗಳಿಗೆ ಶೀತದ ವೈರಾಣುಗಳ ವಿರುದ್ಧ ವರ್ಷಕ್ಕೊಮ್ಮೆ ಲಸಿಕೆ ನೀಡುವುದು ಸೂಕ್ತ.

ಹೆಚ್ಚು ಹಾಕಿಸಿದರೆ ನಷ್ಟವೇನು ಎಂಬ ಪ್ರಶ್ನೆ ಏಳಬಹುದು. ಖರ್ಚು ಒಂದು ಕಡೆಗಿರಲಿ. ಬೆಕ್ಕುಗಳಲ್ಲಿ ಚುಚ್ಚುಮದ್ದು ನೀಡಿದ ಜಾಗದಲ್ಲಿ ಬಹಳ ಅಪರೂಪವಾಗಿ ಕ್ಯಾನ್ಸರ್ ಗಡ್ಡೆ ಬೆಳೆಯುವುದು 1991ರಿಂದ ಅಮೆರಿಕದಲ್ಲಿ ವರದಿಯಾಗತೊಡಗಿತು. ಸಾವಿರಾರು ಬೆಕ್ಕುಗಳಲ್ಲಿ ಒಂದಕ್ಕೆ ಸಂಭವಿಸಬಹುದಾದ ಈ ತೊಂದರೆಗೆ ಹೆದರಿ ಲಸಿಕೆಯನ್ನೇ ಬಿಡುವುದು ಸರಿಯಲ್ಲ. ಅಗತ್ಯವಿಲ್ಲದ ಚುಚ್ಚುಮದ್ದನ್ನು ಬಿಡಲು ಮಾತ್ರ ಇದು ತಕ್ಕ ಕಾರಣ. ಲಸಿಕೆಯ ಜಾಗದಲ್ಲಿ ಸಣ್ಣ ಗಂಟು ಕಾಣಿಸಿಕೊಂಡು ಕೆಲವು ವಾರಗಳಲ್ಲಿ ಕರಗುವುದು ಸಾಮಾನ್ಯ. ಗಂಟು ಮೂರು ತಿಂಗಳ ಅನಂತರವೂ ಉಳಿದರೆ, 2 ಸೆಂಟಿಮೀಟರಿಗಿಂತ ದೊಡ್ಡದಾದರೆ, ಅಥವಾ ಒಂದು ತಿಂಗಳ ಬಳಿಕವೂ ಬೆಳೆಯುತ್ತಿದ್ದರೆ ಪಶುವೈದ್ಯರಿಗೆ ತೋರಿಸತಕ್ಕದ್ದು.

ರೇಬೀಸ್: ಇಲ್ಲಿ ವಿನಾಯಿತಿಯಿಲ್ಲ

ಮನುಷ್ಯರಿಗೆ ರೇಬೀಸ್ ಬರುವುದು ಬಹುಪಾಲು ನಾಯಿಯ ಕಡಿತದಿಂದ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ನಾಯಿಗಳ ಪಾಲು ಶೇಕಡಾ 99ರವರೆಗೂ ಇದೆ. ಹಾಗಿರುವಾಗ ಬೆಕ್ಕಿನ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟು ಏಕೆ ಎಂಬ ಸಂದೇಹ ಬರಬಹುದು. ಅದಕ್ಕೆ ಮೂರು ಕಾರಣಗಳಿವೆ.

ಮೊದಲನೆಯದಾಗಿ, ಬೀದಿನಾಯಿಗಳ ನಡುವೆ ರೇಬೀಸ್ ಇರುವ ಪ್ರದೇಶದಲ್ಲಿ ಹೊರಗೆ ತಿರುಗುವ ಬೆಕ್ಕಿಗೆ ನಾಯಿ ಕಡಿಯುವ ಸಂಭವ ಸದಾ ಇರುತ್ತದೆ. ನರಿ, ಮುಂಗುಸಿಯಂತಹ ಕಾಡುಪ್ರಾಣಿಗಳಿಗೂ ಈ ರೋಗ ಬರಬಲ್ಲದು. ಕಾಡಿನ ಅಂಚಿನ ಗ್ರಾಮಗಳಲ್ಲಿ ರಾತ್ರಿ ಹೊತ್ತು ಬೆಕ್ಕು ಯಾವುದರೊಡನೆ ಕಾದಾಡಿ ಬಂದಿದೆಯೆಂದು ಮನೆಯವರಿಗೆ ತಿಳಿಯುವುದಿಲ್ಲ. ದಟ್ಟ ರೋಮದ ಕೆಳಗಿನ ಸಣ್ಣ ಗಾಯ ಕಣ್ಣಿಗೆ ಬೀಳುವುದೂ ಇಲ್ಲ.

ಎರಡನೆಯದಾಗಿ, ಬೆಕ್ಕು ಮನುಷ್ಯರ ಮೈಗೆ ನಾಯಿಗಿಂತ ಹತ್ತಿರ. ಅದು ಮಡಿಲಲ್ಲಿ ಕೂರುತ್ತದೆ, ಮಕ್ಕಳ ಹಾಸಿಗೆಯಲ್ಲಿ ಮಲಗುತ್ತದೆ. ಬೇಸಗೆ ರಜೆಯಲ್ಲಿ ಬೆಂಗಳೂರು, ಮುಂಬಯಿಗಳಿಂದ ಅಜ್ಜಿಮನೆಗೆ ಬಂದ ಮಕ್ಕಳಿಗೆ ಬೆಕ್ಕಿನ ಮರಿಗಳೇ ಆಟದ ಸಂಗಾತಿಗಳು. ಕೈಮೇಲೆ ಎದ್ದ ಎರಡು ಗೀರುಗಳನ್ನು ಮಗು ಮನೆಯವರಿಗೆ ಹೇಳುವುದಿಲ್ಲ, ಹೇಳಿದರೂ ‘ಬೆಕ್ಕು ಪರಚಿದ್ದು ತಾನೇ’ ಎಂದು ದೊಡ್ಡವರು ಸುಮ್ಮನಾಗುತ್ತಾರೆ. ನಾಯಿ ಕಡಿದರೆ ಆಸ್ಪತ್ರೆಗೆ ಓಡುವ ಮನೆಗಳಲ್ಲಿಯೂ ಬೆಕ್ಕಿನ ಪರಚುವಿಕೆ ಲೆಕ್ಕಕ್ಕೆ ಬರುವುದಿಲ್ಲ. ಅಪಾಯವಿರುವುದು ಈ ನಿರ್ಲಕ್ಷ್ಯದಲ್ಲಿಯೇ.

ಮೂರನೆಯದಾಗಿ, ರೇಬೀಸ್ ಲಕ್ಷಣಗಳು ಕಾಣಿಸಿಕೊಂಡ ಬಳಿಕ ಮನುಷ್ಯರಿಗಾಗಲಿ ಪ್ರಾಣಿಗಳಿಗಾಗಲಿ ಬದುಕುಳಿಯುವ ಸಾಧ್ಯತೆ ಇಲ್ಲವೆನ್ನುವಷ್ಟು ಕಡಿಮೆ. ಇತರ ರೋಗಗಳಲ್ಲಿ ಲಸಿಕೆ ತಪ್ಪಿದರೆ ಚಿಕಿತ್ಸೆಯಾದರೂ ಇದೆ. ಇಲ್ಲಿ ಮುಂಜಾಗ್ರತೆಯ ಹೊರತು ಬೇರೆ ದಾರಿಯಿಲ್ಲ.

ಬೆಕ್ಕಿಗೆ ಮೂರು ತಿಂಗಳು ತುಂಬಿದ ಬಳಿಕ ಮೊದಲ ರೇಬೀಸ್ ಲಸಿಕೆ, ಅದಾಗಿ ಒಂದು ವರ್ಷಕ್ಕೆ ಎರಡನೆಯದು ಹಾಕಿಸಬೇಕು. ಅನಂತರದ ಅಂತರ ಬಳಸಿದ ಲಸಿಕೆಯ ಮೇಲೆ ನಮೂದಿಸಿದ ಅವಧಿಯನ್ನು ಅವಲಂಬಿಸಿದೆ. ಕೆಲವು ಲಸಿಕೆಗಳಿಗೆ ಮೂರು ವರ್ಷಗಳ ಮಾನ್ಯತೆಯಿದ್ದರೂ, ರೋಗ ನೆಲೆಯೂರಿರುವ ನಮ್ಮ ದೇಶದಲ್ಲಿ ವರ್ಷಕ್ಕೊಮ್ಮೆ ಹಾಕಿಸುವುದು ರೂಢಿಯಲ್ಲಿದೆ. ಹೊರಗೆ ತಿರುಗುವ ಬೆಕ್ಕಿಗೆ ಈ ರೂಢಿಯನ್ನೇ ಪಾಲಿಸುವುದು ಕ್ಷೇಮ. ಮನೆಯೊಳಗಿನ ಬೆಕ್ಕಿನ ವಿಷಯದಲ್ಲಿಯೂ ಪಶುವೈದ್ಯರು ಕಾರ್ಡಿನಲ್ಲಿ ಬರೆದ ದಿನಾಂಕವನ್ನು ಮೀರಬಾರದು.

ಯಾವ ಬೆಕ್ಕಿಗೆ ಯಾವ ತೀರ್ಮಾನ?

ತೋಟ, ಗದ್ದೆ, ಹಟ್ಟಿಗಳಲ್ಲಿ ತಿರುಗುವ, ಹಿಂದೆ ಲಸಿಕೆ ಪಡೆದ ದಾಖಲೆಯಿಲ್ಲದ ಬೆಳೆದ ಬೆಕ್ಕು: ಇಂತಹ ಬೆಕ್ಕಿಗೆ ಲಸಿಕೆಯೇ ಆಗಿಲ್ಲವೆಂದು ಭಾವಿಸಿ ಆರಂಭಿಸಬೇಕು. ರೇಬೀಸ್ ಲಸಿಕೆ ಕೂಡಲೇ, ಸಂಯುಕ್ತ ಲಸಿಕೆ 2 ರಿಂದ 4 ವಾರಗಳ ಅಂತರದಲ್ಲಿ 2 ಡೋಸ್. ಹಣ ಅಥವಾ ಅನುಕೂಲ ಒಂದಕ್ಕೆ ಮಾತ್ರ ಇದ್ದರೆ ಮೊದಲ ಆದ್ಯತೆ ರೇಬೀಸ್ ಲಸಿಕೆಗೆ.

ಚಿಕ್ಕಂದಿನ ಲಸಿಕೆ ಪೂರ್ಣಗೊಂಡು ಮನೆಯೊಳಗೆ ಒಂಟಿಯಾಗಿರುವ ಬೆಕ್ಕು: ಸಂಯುಕ್ತ ಲಸಿಕೆ ಮೂರು ವರ್ಷಕ್ಕೊಮ್ಮೆ ಸಾಕಾಗಬಹುದು. ರೇಬೀಸ್ ಲಸಿಕೆ ಕಾರ್ಡಿನ ದಿನಾಂಕದಂತೆ. ಲಸಿಕೆಯಿಲ್ಲದ ವರ್ಷಗಳಲ್ಲಿಯೂ ಒಮ್ಮೆ ಪಶುವೈದ್ಯರಲ್ಲಿ ಆರೋಗ್ಯ ತಪಾಸಣೆ ಮಾಡಿಸುವುದನ್ನು ಬಿಡಬಾರದು.

ಪ್ರಾಯವಾದ ಬೆಕ್ಕು: ವಯಸ್ಸಾಯಿತೆಂಬ ಒಂದೇ ಕಾರಣಕ್ಕೆ ರೇಬೀಸ್ ಲಸಿಕೆಯನ್ನು ನಿಲ್ಲಿಸಬಾರದು. ಮೂತ್ರಪಿಂಡದ ತೊಂದರೆ ಅಥವಾ ಇತರ ದೀರ್ಘಕಾಲದ ಕಾಯಿಲೆಗಳಿದ್ದರೆ ವೈದ್ಯರು ಪರೀಕ್ಷಿಸಿ ತೀರ್ಮಾನಿಸುತ್ತಾರೆ.

ಗಬ್ಬದ ಬೆಕ್ಕು: ಜೀವಂತ ವೈರಾಣುಗಳಿಂದ ತಯಾರಿಸಿದ ಸಂಯುಕ್ತ ಲಸಿಕೆಯು ಹುಟ್ಟಲಿರುವ ಮರಿಗಳ ಮಿದುಳಿನ ಬೆಳವಣಿಗೆಗೆ ಹಾನಿಮಾಡಬಹುದು. ಬೆಕ್ಕು ಗಬ್ಬವಾಗಿರುವ ಅನುಮಾನವಿದ್ದರೂ ವೈದ್ಯರಿಗೆ ಮೊದಲೇ ತಿಳಿಸತಕ್ಕದ್ದು.

ಎಫ್‌ಪಿವಿ ರೋಗದಿಂದ ಬೆಕ್ಕು ಸತ್ತ ಮನೆ: ಹೊಸ ಮರಿಯನ್ನು ಒಡನೆಯೇ ತರಬಾರದು. ನೆಲ ಮತ್ತು ಪಾತ್ರೆಗಳನ್ನು ತೊಳೆದು ಬ್ಲೀಚಿಂಗ್ ದ್ರಾವಣದಿಂದ ಶುದ್ಧಗೊಳಿಸಬೇಕು. ಅಲ್ಲಿಗೆ ತರುವ ಬೆಕ್ಕಿಗೆ ಮುಂಚಿತವಾಗಿಯೇ ಲಸಿಕೆ ಆಗಿರಬೇಕು.

ಮೀನು ಮಾರುಕಟ್ಟೆ, ದೇವಸ್ಥಾನದ ಆವರಣ, ಹೋಟೆಲುಗಳ ಹಿಂಭಾಗದಲ್ಲಿ ಜನರು ಅನ್ನ ಹಾಕುವ ಬೆಕ್ಕುಗಳು: ಇವುಗಳಿಗೆ ಯಜಮಾನರಿಲ್ಲ, ಆದರೆ ಆಹಾರ ಕೊಡುವವರಿದ್ದಾರೆ. ಅವುಗಳಿಗೆ ರೇಬೀಸ್ ಲಸಿಕೆ ಹಾಕಿಸುವ ಹೊಣೆಯನ್ನು ಅನ್ನ ಹಾಕುವವರು, ವರ್ತಕರು ಮತ್ತು ಸ್ಥಳೀಯ ಸಂಘಸಂಸ್ಥೆಗಳು ಸೇರಿ ವಹಿಸಿಕೊಳ್ಳಬಹುದು.

ಇಲಿಜ್ವರದ ಬಗ್ಗೆ ಒಂದು ಮಾತು. ಬೆಕ್ಕು ಇಲಿ ಹಿಡಿಯುವುದರಿಂದ ಅದಕ್ಕೆ ಇಲಿಜ್ವರದ ಲಸಿಕೆ ಹಾಕಿಸಬೇಕೇ ಎಂದು ಹಲವರು ವಿಚಾರಿಸುತ್ತಾರೆ. ಆ ಲಸಿಕೆ ನಾಯಿಗಳಿಗೆ ಇದೆ, ಬೆಕ್ಕುಗಳಿಗೆ ವಾಡಿಕೆಯಲ್ಲಿಲ್ಲ. ಮಳೆಗಾಲದಲ್ಲಿ ಗದ್ದೆಯ ಕೆಸರಿನಲ್ಲಿ ದುಡಿಯುವವರು ತಮ್ಮ ರಕ್ಷಣೆಗೆ ಆರೋಗ್ಯ ಇಲಾಖೆಯ ಸೂಚನೆಗಳನ್ನೇ ಪಾಲಿಸಬೇಕು.

ಲಸಿಕೆಯ ದಿನ ಗಮನಿಸಬೇಕಾದುದು

ಜ್ವರ, ಭೇದಿ ಇರುವ ಅಥವಾ ಆಹಾರ ಬಿಟ್ಟ ಬೆಕ್ಕಿಗೆ ಆ ದಿನ ಲಸಿಕೆ ಬೇಡ. ಬೆಕ್ಕನ್ನು ತೋಳಿನಲ್ಲಿ ಹಿಡಿದು ದ್ವಿಚಕ್ರ ವಾಹನದಲ್ಲಿ ತರುವುದರಿಂದ ಅದು ಹೆದರಿ ಓಡಿಹೋಗುವುದುಂಟು. ಗಾಳಿಯಾಡುವ ಬುಟ್ಟಿ ಅಥವಾ ಪೆಟ್ಟಿಗೆಯಲ್ಲಿ ಹಳೆಯ ಬಟ್ಟೆ ಹಾಸಿ ತರುವುದು ಉತ್ತಮ. ಲಸಿಕೆಯನ್ನು ತಯಾರಿಕೆಯಿಂದ ಬಳಕೆಯವರೆಗೂ 2 ರಿಂದ 8 ಡಿಗ್ರಿ ಸೆಲ್ಸಿಯಸ್ ತಾಪಮಾನದಲ್ಲಿಯೇ ಇರಿಸಬೇಕು. ಔಷಧಿ ಅಂಗಡಿಯಿಂದ ಕೊಂಡು ಅಂಗಿಯ ಜೇಬಿನಲ್ಲಿ ತಂದ, ಅಥವಾ ಮಳೆಗಾಲದಲ್ಲಿ ವಿದ್ಯುತ್ ಕಡಿತದಿಂದ ಬೆಚ್ಚಗಾದ ಲಸಿಕೆ ಶಕ್ತಿ ಕಳೆದುಕೊಂಡಿರಬಹುದು. ಹೊರನೋಟಕ್ಕೆ ಅದು ತಿಳಿಯದು. ಆದುದರಿಂದ ಶೀತಲ ವ್ಯವಸ್ಥೆಯಿರುವ ಪಶು ಆಸ್ಪತ್ರೆಯಲ್ಲಿಯೇ ಹಾಕಿಸತಕ್ಕದ್ದು. ಚುಚ್ಚುಮದ್ದಿನ ಬಳಿಕ ಅರ್ಧ ಗಂಟೆ ಅಲ್ಲಿಯೇ ಇರಬೇಕು. ಒಂದೆರಡು ದಿನ ಮಂಕಾಗಿರುವುದು ಸಹಜ. ಮುಖ ಊದುವುದು, ಉಸಿರಾಟದ ತೊಂದರೆ, ಪದೇಪದೇ ವಾಂತಿ ಕಂಡರೆ ತಕ್ಷಣ ವೈದ್ಯರಿಗೆ ತಿಳಿಸಬೇಕು.

ಲಸಿಕೆಯ ಹೆಸರು, ಬ್ಯಾಚ್ ಸಂಖ್ಯೆ, ಹಾಕಿದ ದಿನ ಮತ್ತು ಮುಂದಿನ ದಿನಾಂಕ ಬರೆದ ಕಾರ್ಡನ್ನು ಪಡೆದು ಜೋಪಾನವಾಗಿ ಇಟ್ಟುಕೊಳ್ಳಬೇಕು. ಯಾವ ವರ್ಷ ಯಾವ ಲಸಿಕೆ ಬೇಕು, ಯಾವುದು ಬೇಡ ಎಂಬ ತೀರ್ಮಾನಕ್ಕೆ ಆ ಕಾರ್ಡೇ ಆಧಾರ. ಕಾರ್ಡಿಲ್ಲದಿದ್ದರೆ ಬೇಡವಾದ ಲಸಿಕೆ ಮತ್ತೆ ಬೀಳಬಹುದು, ಬೇಕಾದುದು ತಪ್ಪಿಹೋಗಲೂಬಹುದು.

ಬೆಕ್ಕು ಕಚ್ಚಿದಾಗ ಅಥವಾ ಪರಚಿದಾಗ

ಗಾಯವನ್ನು ತಕ್ಷಣ ಸಾಬೂನು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆಯಬೇಕು. ಸುಣ್ಣ, ಅರಸಿನ, ಮೆಣಸಿನ ಪುಡಿ, ಸೊಪ್ಪಿನ ರಸ ಯಾವುದನ್ನೂ ಹಚ್ಚಬಾರದು. ಅದೇ ದಿನ ಸಮೀಪದ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ರಕ್ತ ಬಾರದ ಗೀರಿಗೂ ಲಸಿಕೆ ಅಗತ್ಯ. ಚರ್ಮ ಸೀಳಿ ರಕ್ತ ಬಂದಿದ್ದರೆ ಲಸಿಕೆಯ ಜೊತೆಗೆ ಗಾಯದ ಸುತ್ತ ಇಮ್ಯುನೋಗ್ಲಾಬ್ಯುಲಿನ್ ಚುಚ್ಚುಮದ್ದನ್ನೂ ವೈದ್ಯರು ನೀಡುತ್ತಾರೆ. ಹಿರಿಯರ ನೆನಪಿನಲ್ಲಿರುವ, ಹೊಟ್ಟೆಗೆ 14 ಚುಚ್ಚುಮದ್ದು ನೀಡುವ ಹಳೆಯ ಕ್ರಮ ಈಗ ಇಲ್ಲ. ಚರ್ಮದೊಳಗೆ ನೀಡುವ ಕ್ರಮದಲ್ಲಿ 0, 3, 7 ಮತ್ತು 28ನೇ ದಿನಗಳಂದು ತೋಳಿಗೆ ಲಸಿಕೆ ನೀಡಲಾಗುತ್ತದೆ. ಮಕ್ಕಳಿಗೂ ಗರ್ಭಿಣಿಯರಿಗೂ ಇದು ಸುರಕ್ಷಿತ. ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತ.

ಬೆಕ್ಕಿಗೆ ಲಸಿಕೆ ಆಗಿದೆಯೆಂಬ ಕಾರಣಕ್ಕೆ ಮನುಷ್ಯರ ಚಿಕಿತ್ಸೆಯನ್ನು ಮುಂದೂಡಬಾರದು. ಕಚ್ಚಿದ ಬೆಕ್ಕನ್ನು ಕೊಲ್ಲದೆ, ಓಡಿಸದೆ 10 ದಿನ ಕೂಡಿಹಾಕಿ ಗಮನಿಸಬೇಕು. ಆ ಅವಧಿ ಮುಗಿದ ಮೇಲೂ ಬೆಕ್ಕು ಆರೋಗ್ಯವಾಗಿದ್ದರೆ ಉಳಿದ ಡೋಸ್‌ಗಳ ಬಗ್ಗೆ ವೈದ್ಯರು ತೀರ್ಮಾನಿಸುತ್ತಾರೆ. ಸಾಧು ಬೆಕ್ಕು ಹಠಾತ್ತನೆ ಮೇಲೆರಗುವುದು, ಕತ್ತಲಲ್ಲಿ ಅಡಗುವುದು, ಕೂಗಿನ ಧ್ವನಿ ಬದಲಾಗುವುದು, ಜೊಲ್ಲು ಸುರಿಸುವುದು, ನುಂಗಲಾಗದಿರುವುದು ಕಂಡುಬಂದರೆ ಅದನ್ನು ಮುಟ್ಟದೆ ಪಶುವೈದ್ಯರಿಗೆ ತಿಳಿಸತಕ್ಕದ್ದು. ಬೆಕ್ಕಿಗೇ ನಾಯಿ ಕಡಿದಿದ್ದಲ್ಲಿ, ಹಿಂದೆ ಲಸಿಕೆ ಆಗಿದ್ದರೂ ಆಗದಿದ್ದರೂ, ಅದೇ ದಿನ ಪಶುವೈದ್ಯರಿಗೆ ತೋರಿಸಬೇಕು.

ಮೂರು ತಾಲೂಕುಗಳ ಸಾರ್ವಜನಿಕರು ಬೆಕ್ಕಿನ ಲಸಿಕೆಯ ಬಗ್ಗೆ ಸಮೀಪದ ಪಶು ಆಸ್ಪತ್ರೆ ಅಥವಾ ಪಶು ಚಿಕಿತ್ಸಾಲಯದಲ್ಲಿ ವಿಚಾರಿಸಬಹುದು. ರೇಬೀಸ್ ಲಸಿಕೆ ಮತ್ತು ಸಂಯುಕ್ತ ಲಸಿಕೆಗಳ ಲಭ್ಯತೆಯನ್ನು ಮುಂಚಿತವಾಗಿ ತಿಳಿದುಕೊಂಡು ಹೋಗುವುದು ಅನುಕೂಲ. ಜಾನುವಾರು ಮತ್ತು ಸಾಕುಪ್ರಾಣಿಗಳ ತುರ್ತು ಸೇವೆಗೆ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಬಹುದು. ಪ್ರತಿ ವರ್ಷ ಸೆಪ್ಟೆಂಬರ್ 28ರಂದು ವಿಶ್ವ ರೇಬೀಸ್ ದಿನವನ್ನು ಆಚರಿಸಲಾಗುತ್ತದೆ. ಆ ಸಂದರ್ಭದ ಲಸಿಕಾ ಶಿಬಿರಗಳಿಗೆ ನಾಯಿಗಳೊಂದಿಗೆ ಬೆಕ್ಕುಗಳನ್ನೂ ತರುವಂತೆ ಗ್ರಾಮ ಪಂಚಾಯತ್‌ಗಳು ಪ್ರಚಾರ ಮಾಡುವುದು ಅಪೇಕ್ಷಣೀಯ. ಈ ಲೇಖನವನ್ನು ಸೂಚನಾ ಫಲಕದಲ್ಲಿ ಪ್ರದರ್ಶಿಸಿ, ಗ್ರಾಮಸಭೆ ಮತ್ತು ಸ್ವಸಹಾಯ ಗುಂಪುಗಳ ಸಭೆಗಳಲ್ಲಿ, ವಿಶೇಷವಾಗಿ ಶಾಲಾ ರಜೆ ಆರಂಭವಾಗುವ ಮೊದಲು, ಓದಿ ತಿಳಿಸಬಹುದು.

ಬೆಳೆದ ಬೆಕ್ಕಿಗೆ ಲಸಿಕೆ ಬೇಕೇ ಎಂಬುದಕ್ಕೆ ಉತ್ತರ ಇಷ್ಟು: ಸಂಯುಕ್ತ ಲಸಿಕೆಯ ಅಂತರವನ್ನು ಬೆಕ್ಕಿನ ದಾಖಲೆ ಮತ್ತು ಜೀವನಕ್ರಮ ನೋಡಿ ವೈದ್ಯರೊಂದಿಗೆ ನಿರ್ಧರಿಸಬಹುದು. ರೇಬೀಸ್ ಲಸಿಕೆಯನ್ನು ಹಾಕಿಸಲೇಬೇಕು. ಮನೆಯಲ್ಲಿ ಮಕ್ಕಳಿದ್ದರೆ ಈ ವಿಷಯದಲ್ಲಿ ಒಂದು ದಿನವೂ ತಡ ಮಾಡಬಾರದು.